ನೀರು ಬಂದ ದಾರಿ

ಕೆಸರಿನ ವಾಸನೆ, ಅದರೊಳಗೆ ಇನ್ನೊಂದು, ಗ್ರೀಸಿನದು, ಬ್ಯಾಟರಿಯ ತುದಿಗಳಿಗೆ ಅವಳೇ ಬೆರಳಿನಿಂದ ಮೆತ್ತಿದ್ದ ಗ್ರೀಸು, ನಾಲ್ಕು ವರ್ಷ ಕೊಳದ ತಳದಲ್ಲಿ ಬಿದ್ದಿದ್ದರೂ ಮೆತ್ತಿದ ಹಾಗೇ ಇದೆ, ಕೆಲಸ ಅಂದರೆ ಇದು — ರಿಮೋಟು ಒತ್ತಿದರೆ ಮುಳುಗಿ ಏಳಬೇಕಾದ ಪುಟ್ಟ ಜಲಾಂತರ್ಗಾಮಿ, ಮುಳುಗುವುದೇನೋ ಚೆನ್ನಾಗಿಯೇ ಮುಳುಗಿತು, ಏಳುವುದನ್ನು ಮರೆಯಿತು, ಈಗ ಹೂಳು ತೆಗೆಯಲು ಕೊಳ ಬತ್ತಿಸಿದಾಗ ಸಿಕ್ಕಿದೆ, ತಮ್ಮ ಅದನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಬಂದಿದ್ದಾನೆ, ಪಕ್ಕದ ಕೋಣೆಯಲ್ಲಿ ಕೂತು ಚಹಾ ಹೀರುತ್ತಿದ್ದಾನೆ, ಆ ಸೊರ್ ಸೊರ್ ಸದ್ದು ಐವತ್ತೈದಾದರೂ ಬಿಡಲಿಲ್ಲ, ನೀನೇ ಬಿಚ್ಚಕ್ಕ, ನನ್ನ ಕೈ ನಡುಗುತ್ತೆ ಅಂದ, ನಡುಗಲಿ. ಆವತ್ತು ನಾಲಿಗೆ ನಡುಗಿತ್ತೇ? ಮಾದರಿ ದೋಣಿ ಕಟ್ಟುವ ಕ್ಲಬ್ಬಿನವರೆಲ್ಲ ದಡದಲ್ಲಿ ನಿಂತಿರುವಾಗ, ಅಕ್ಕನ ತಂತಿಯ ಕಡೆಯಿಂದ ಸೋರಿರಬೇಕು ಅಂದವನು, ಯಾರ ಬಗ್ಗೆ ಆಡುತ್ತಿದ್ದೇನೆ ಅನ್ನುವ ಪರಿವೆಯೂ ಇಲ್ಲದೆ — ಇಪ್ಪತ್ತಾರು ವರ್ಷ ಟೆಲಿಫೋನ್ ಇಲಾಖೆಯಲ್ಲಿ ನೆಲದಡಿಯ ಕೇಬಲ್ ಜೋಡಿಸಿದವಳು ಅವಳು, ಗುಂಡಿಯಲ್ಲಿ ಮಂಡಿಯೂರಿ, ಮೇಲೆ ನಿಂತ ಗಂಡಸರು ಹೆಂಗಸಿನ ಕೈಯಲ್ಲಿ ಆಗೋ ಕೆಲಸವಾ ಇದು ಅಂತ ಹಲ್ಲು ಕಿರಿಯುತ್ತಾರೆ, ಕಿರಿದವರ ಜೋಡಣೆಗಳನ್ನೇ ಮೊದಲ ಮಳೆಯಾದ ಮೇಲೆ ಅವಳು ಬಿಚ್ಚಿ ಮತ್ತೆ ಮಾಡುತ್ತಾಳೆ, ಅವಳದಕ್ಕೆ ಒಂದಕ್ಕೂ ನೀರು ಹೊಕ್ಕಿಲ್ಲ.

ಮುಚ್ಚಳ ಅವನದು, ತಂತಿ ಅವಳದು, ಹಾಗೆ ಹಂಚಿಕೊಂಡಿದ್ದರು, ಬ್ಯಾಟರಿ ಹೊರಗೆ ನೀರಿನಲ್ಲೇ, ಮೋಟಾರು ಮತ್ತು ರಿಸೀವರ್ ಒಣ ಕೊಳವೆಯೊಳಗೆ, ಕೊಳವೆಯ ಒಂದು ಬಾಯಿಗೆ ಅವನ ಮುಚ್ಚಳ, ಅದಕ್ಕೊಂದು ರಬ್ಬರ್ ಉಂಗುರ, ಇನ್ನೊಂದು ತುದಿಯಿಂದ ಅವಳ ಕೆಂಪು ತಂತಿ, ಕಪ್ಪು ತಂತಿ. ದಡದ ಆ ಮಾತಿನ ಮೇಲೆ ಎರಡು ವರ್ಷ ಅವನ ಮನೆಯ ಮೆಟ್ಟಿಲು ಹತ್ತಲಿಲ್ಲ ಅವಳು. ಕೊನೆಗೆ ಅವನೇ ಬಂದ, ಹೋಗ್ಲಿ ಬಿಡಕ್ಕ, ತಪ್ಪು ನಂದೇ ಅಂದ, ಇಲ್ಲಿ ಹೇಳಿದರೆ ಸಾಲದು, ಎಲ್ಲರೆದುರು ಅಂದವನು ಎಲ್ಲರೆದುರೇ ಹೇಳು ಅಂದಳು, ಹೇಳಿದ, ಕ್ಲಬ್ಬಿನ ಸಭೆಯಲ್ಲಿ ಎದ್ದು ನಿಂತು ಟೋಪಿ ಕೈಯಲ್ಲಿ ಹಿಡಿದು, ಮುಚ್ಚಳ ನಾನೇ ಸರಿಯಾಗಿ ಕೂರಿಸಿರಲಿಲ್ಲ, ಅಕ್ಕನ ಕೆಲಸದಲ್ಲಿ ಹುಳುಕಿಲ್ಲ, ಅವಳು ಮುಂದಿನ ಸಾಲಿನಲ್ಲಿ ಕೂತು ಕೇಳಿದಳು, ಹೊಟ್ಟೆ ತಣ್ಣಗಾಯಿತು. ಅಲ್ಲಿಂದಾಚೆ ಅವನು ಏನನ್ನೂ ಕಟ್ಟಲಿಲ್ಲ, ಉಪಕರಣಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟ, ನನ್ನ ಕೈಗುಣ ಸರಿಯಿಲ್ಲ ಅಂತ ನಕ್ಕ, ಆ ನಗು ಅವಳಿಗೆ ಹಿಡಿಸಲಿಲ್ಲ.

ಮುಚ್ಚಳದ ತಿರುಪುಗಳು ಬಿಗಿಯಾಗಿಯೇ ಇದ್ದವು, ಅವಳ ಮಣಿಕಟ್ಟು ನೋಯುವಷ್ಟು. ಒಳಗಿನ ಕೆಸರು ನೀರು ಚೆಲ್ಲಿ, ಒರೆಸಿ ಒಣಗಿಸಿ, ಒಂದು ಚೂರು ಪತ್ರಿಕೆ ಹಾಕಿ, ಅದೇ ಹಳೇ ಉಂಗುರದ ಮೇಲೆ ಮುಚ್ಚಳ ಬಿಗಿದು, ಆ ತುದಿಯನ್ನಷ್ಟೇ ಬಕೆಟ್ಟಿನಲ್ಲಿ ಅದುಮಿ ಹಿಡಿದಳು, ನೂರು ಎಣಿಸಿದಳು, ಇನ್ನೂ ನೂರು, ಸೋರು, ಸೋರಬಾರದೇ — ತೆರೆದರೆ ಪತ್ರಿಕೆ ಗರಿಗರಿ. ಹಾಗಾದರೆ ತಂತಿ. ಕಪ್ಪು ತಂತಿಯ ಬ್ಯಾಟರಿ ಕಡೆಯ ತುದಿ ಕತ್ತರಿಸಿ ಬಾಯಲ್ಲಿಟ್ಟು ಊದಿದಳು, ಕೆನ್ನೆ ಉಬ್ಬಿತು, ಉಸಿರು ದಾಟಲಿಲ್ಲ, ಭೇಷ್. ಕೆಂಪು ತಂತಿ ಊದಿದಳು. ಕೊಳವೆಯೊಳಗಿನ ತುದಿಯಲ್ಲಿ ಒಂದು ಹನಿ ಮೂಡಿತು.

ನೀರು ತಂತಿಯ ಸುತ್ತ ಬರುವುದಿಲ್ಲ, ತಂತಿಯೊಳಗೇ ಬರುತ್ತದೆ, ಹೊದಿಕೆಯೊಳಗಿನ ಎಳೆ ಎಳೆಗಳ ಸಂದಿನಲ್ಲಿ ತೆವಳಿಕೊಂಡು, ಅದಕ್ಕೇ ನಡುವೆ ಒಂದು ಬೆರಳಗಲ ಹೊದಿಕೆ ಸುಲಿದು ಎಳೆಗಳ ಸಂದಿಗೆ ಬೆಸುಗೆ ಕುಡಿಸಬೇಕು, ಆಮೇಲೆ ಅಂಟು — ಯಾರ ಮಾತು ಇದು, ಅವಳದೇ, ಇದನ್ನು ಕಟ್ಟುವಾಗ ಇದೇ ಮೇಜಿನ ಸುತ್ತ ಕ್ಲಬ್ಬಿನವರನ್ನು ಕೂರಿಸಿಕೊಂಡು ಕಪ್ಪು ತಂತಿಯಲ್ಲಿ ಮಾಡಿ ತೋರಿಸಿದಳು, ಚಪ್ಪಾಳೆ ತಟ್ಟಿದರು, ತಮ್ಮ ಎಲ್ಲರಿಗಿಂತ ಜೋರಾಗಿ, ನಮ್ಮಕ್ಕ ಅಂದ್ರೆ ಏನಂದ್ಕೊಂಡ್ರಿ ಅಂದ, ಅವಳು ಉಬ್ಬಿಹೋಗಿ, ಉಳಿದ ಪಾಠವನ್ನು ಬಾಯಲ್ಲೇ ಒಪ್ಪಿಸುತ್ತ, ಕೆಂಪು ತಂತಿಗೆ ಬರೀ ಅಂಟು ಸುರಿದಳು, ಸುಲಿಯಲೇ ಇಲ್ಲ.

ಚಹಾದ ಸದ್ದು ನಿಂತಿದೆ. ಬಾಗಿಲಲ್ಲಿ ಅವನು, ಲೋಟ ಕೈಯಲ್ಲಿ, ಗೊತ್ತಾಯ್ತಾ ಅಕ್ಕ, ನೀರು ಎಲ್ಲಿಂದ ಬಂತು. ಅವಳ ಅಂಗೈ ತಾನಾಗಿಯೇ ಕೆಂಪು ತಂತಿಯನ್ನು ಮುಚ್ಚಿತು. ಹೇಳು, ಎರಡೇ ಮಾತು, ಕೇಳುವವನು ಅವನೊಬ್ಬನೇ, ಸಭೆಯಿಲ್ಲ, ಮುಂದಿನ ಸಾಲಿಲ್ಲ, ಹೇಳಿಬಿಡು — ಮುಚ್ಚಳದಿಂದ ಕಣೋ, ಅಂದಳು, ಉಂಗುರ ಹೊರಳಿಕೊಂಡಿತ್ತು. ನಾನೂ ಹಾಗೇ ಅಂದ್ಕೊಂಡಿದ್ದೆ, ಸುಮ್ನೆ ನಿನ್ನ ಮೇಲೆ ಹಾಕ್ಬಿಟ್ನಲ್ಲ ಅಂದ ಅವನು, ಇವಳ ಖಾಲಿ ಲೋಟವನ್ನೂ ಎತ್ತಿಕೊಂಡು ತೊಳೆಯಲು ಹೋದ. ಕೈ ತೆಗೆದಳು. ಒರೆಸಿದಳು. ಇಲ್ಲ, ಸರಿಯಾಗಿ ಊದಿರಲಿಲ್ಲವೇನೋ, ಮತ್ತೆ ಊದಿದಳು, ಕೆಂಪು ತಂತಿಯ ತುದಿಯಲ್ಲಿ ಹನಿ, ಒರೆಸಿ ಇನ್ನೊಮ್ಮೆ, ಮೆಲ್ಲಗೆ, ಹನಿ, ಇನ್ನೊಮ್ಮೆ, ಹನಿ