ಒಂದು ಹಿಡಿ ಚಿಪ್ಪಿನ ಪುಡಿ

ನನಗೆ ಬರುವ ವಿದ್ಯೆ ಎರಡೇ. ಒಂದು ಬಿ.ಎ.; ಅದರಿಂದ ಇದುವರೆಗೆ ಯಾರಿಗೂ ತೊಂದರೆಯಾಗಿಲ್ಲ. ಇನ್ನೊಂದು ಕಂಡವರ ನಡಿಗೆ, ಮಾತು, ಕೆಮ್ಮು ಎಲ್ಲವನ್ನೂ ಅಣಕಿಸುವುದು. ಅದರಿಂದ ತೊಂದರೆಯಾಗದವರು ಕಡಿಮೆ. ಅಕ್ಕನ ಮದುವೆಯ ದಿನವೇ ಭಾವನ ಕುಂಟುನಡಿಗೆಯನ್ನು ಅವರ ಬೆನ್ನ ಹಿಂದೆ ಮಾಡಿ ತೋರಿಸಿದ್ದೆ. ಥಟ್ಟನೆ ತಿರುಗಿದ ಭಾವ, "ಎಡಗಾಲು ಕಣಯ್ಯ, ಬಲಗಾಲಲ್ಲ. ಸರಿಯಾಗಿ ಕಲಿ" ಎಂದಿದ್ದರು. ಕಾಲೇಜು ಮುಗಿಸಿ ಕಾಲಹರಣ ಮಾಡುತ್ತಿದ್ದ ನನ್ನನ್ನು ಮನೆಗೆ ಕರೆದು ಕೋಳಿ ಶೆಡ್ಡಿನ ಕೆಲಸಕ್ಕೆ ಹಚ್ಚಿದವರೂ ಅವರೇ.

ಶೆಡ್ಡು ಭಾವನದು. ಬ್ರಾಯ್ಲರ್ ಮರಿ, ಫೀಡು ಎರಡೂ ಕಂಪನಿಯವು. ಹಿಂದಿನ ಬ್ಯಾಚಿನಲ್ಲಿ ನಲವತ್ತು ಕೋಳಿ ಕುಂಟಿದ್ದವು. ಈ ಸಲ ಹದಿನೆಂಟು ದಿನ ತುಂಬುವಷ್ಟರಲ್ಲಿ ನಾನೂರು ಮರಿ ಕುಂಟುತ್ತಿದ್ದವು. ಕಂಪನಿಯ ಸೂಪರ್‌ವೈಸರ್ ಬಾಗಿಲಲ್ಲೇ ನಿಂತು ಮೂಗಿನಿಂದ ಹೇಳಿ ಹೋದ: "ಈ ಬ್ಯಾಚೂ ಹೀಗೇ ಆದ್ರೆ ನಿಮ್ಮ ಶೆಡ್ಡಿಗೆ ಇನ್ನು ಮರಿ ಕಳಿಸಲ್ಲ." ಅವನ ಮೂಗಿನ ದನಿಯನ್ನು ಊಟದ ಹೊತ್ತಿಗೆ ತೆಗೆದೆ. ಯಾರೂ ನಗಲಿಲ್ಲ. ಭಾವ ಅನ್ನ ಕಲಸುತ್ತಲೇ ಇದ್ದರು, ತಿನ್ನಲಿಲ್ಲ.

ಮರುದಿನ ಕೋಳಿ ಡಾಕ್ಟರಮ್ಮ ಬಂದರು. ಗುರುತಿಲ್ಲದ ಬೂಟು ಕಂಡದ್ದೇ ಓಡಬಲ್ಲ ಮರಿಗಳು ಮೂಲೆ ಸೇರಿದವು. ಉಳಿದವು ಕೂತಲ್ಲೇ ಕೂತವು.

"ಹೇಗೆ ನಡೀತಾವೆ ಇವು?"

"ಹೀಗೇ… ಕುಂಟ್ತಾವೆ" ಎಂದರು ಭಾವ.

ಅಕ್ಕ ನನ್ನ ಬೆನ್ನಿಗೆ ಗುದ್ದಿದಳು. "ಮಾಡಿ ತೋರಿಸೋ! ಬೇಡ ಅಂದಾಗೆಲ್ಲ ಮಾಡ್ತೀಯಲ್ಲ."

ಭತ್ತದ ಹೊಟ್ಟು ಹಾಸಿದ ನೆಲದ ಮೇಲೆ ನಡೆದೆ. ಎರಡು ಹೆಜ್ಜೆ, ತೂಗಾಟ, ರೆಕ್ಕೆ ಊರಿ ಕುಕ್ಕರಗಾಲು. ಡಾಕ್ಟರಮ್ಮನ ಮುಖದಲ್ಲಿ ನಗುವಿಲ್ಲ.

"ಒಂದು ಕಾಲೋ, ಎರಡೂನೋ?"

"ಎರಡೂ."

"ನೋವಿಗೆ ಎತ್ತಿ ಹಿಡಿಯುತ್ತೋ, ಬಲ ಸಾಲದೆ ಕುಸಿಯುತ್ತೋ?"

ಇನ್ನೊಮ್ಮೆ ನಡೆದೆ. ಉತ್ತರ ನನ್ನ ಮಂಡಿಗೇ ಗೊತ್ತಿತ್ತು. "ಕುಸಿಯುತ್ತೆ, ಮೇಡಂ."

ಸತ್ತ ಮರಿಯೊಂದರ ಕಾಲೆಲುಬನ್ನು ಬಿಡಿಸಿ ಬಗ್ಗಿಸಿದರು. ಮುರಿಯಬೇಕಾದದ್ದು ರಬ್ಬರಿನ ಹಾಗೆ ಬಾಗಿತು. "ಫೀಡು ಬಿಟ್ಟು ಬೇರೆ ಏನಾದ್ರೂ ಕೊಡ್ತೀರಾ?"

"ಏನೂ ಇಲ್ಲ" ಎಂದರು ಭಾವ, ಅಕ್ಕ ಒಟ್ಟಿಗೆ.

"ಹಾಗಾದ್ರೆ ಬೆಳಗ್ಗೆ ಬಂದು ಏನೇನು ಮಾಡ್ತೀರಿ, ಹೇಳಿ."

ಭಾವ ತಲೆ ಕೆರೆದುಕೊಂಡರು. "ಅದನ್ನೂ ಇವನ ಕೈಲೇ ಮಾಡಿಸಿ" ಎಂದಳು ಅಕ್ಕ.

ನನಗೆ ಹುರುಪು ಬಂದಿತ್ತು. ಎಡಗಾಲು ಎಳೆಯುತ್ತಾ ಭಾವನಾಗಿ ಒಳಗೆ ಬಂದೆ. ನೀರಿನ ಡ್ರಿಂಕರ್ ಅಲ್ಲಾಡಿಸಿದೆ, ಫೀಡರ್ ತಟ್ಟಿದೆ. ಬಾಗಿಲ ಹಿಂದೆ ಬಗ್ಗಿ ಮುಷ್ಟಿ ತುಂಬಿಕೊಂಡು ಪ್ರತಿ ಫೀಡರಿಗೂ ಉದುರಿಸುತ್ತಾ ಅವರದೇ ದನಿಯಲ್ಲಿ ಹೇಳಿದೆ: "ತಿನ್ರೋ ಕಂದಗಳಾ. ನನ್ನ ಹಾಗೆ ಆಗಬೇಡ್ರೋ."

ಅಕ್ಕ ಥಟ್ಟನೆ ಭಾವನತ್ತ ತಿರುಗಿದಳು. ಆ ಮಾತು ಭಾವ ಕೋಳಿಗಳಿಗಷ್ಟೇ ಹೇಳಿದ್ದು. ನಾನು ಎಲ್ಲರ ಮುಂದೆ ಬಿಚ್ಚಿಟ್ಟಿದ್ದೆ.

"ಮುಷ್ಟಿಯಲ್ಲಿ ಏನದು?" ಎಂದರು ಡಾಕ್ಟರಮ್ಮ.

ನನ್ನ ಕೈಯನ್ನು ಬೇರೆಯವರದೆಂಬಂತೆ ನೋಡಿದೆ. ಭಾವ ನಿಧಾನವಾಗಿ ಬಾಗಿಲ ಹಿಂದಿನಿಂದ ಡಬ್ಬಿ ತಂದರು. "ಕಪ್ಪೆಚಿಪ್ಪಿನ ಪುಡಿ. ಚಿಕ್ಕಂದಿನಲ್ಲಿ ಸುಣ್ಣದ ಅಂಶ ಸಾಲದೆ ನನ್ನ ಕಾಲು ಹೀಗಾಯ್ತು ಅಂತಿದ್ರು. ಹೋದ ಸಲ ಕುಂಟಿದವಲ್ಲ, ಅದಕ್ಕೇ ಈ ಸಲ ಮೊದಲ ದಿನದಿಂದ… ಒಂದು ಹಿಡಿ ತಾನೇ, ಇದನ್ನೂ ಹೇಳಬೇಕು ಅಂತ ಹೊಳೀಲಿಲ್ಲ."

"ಎಲುಬಿಗೆ ಸುಣ್ಣದ ಜೊತೆ ರಂಜಕವೂ ಬೇಕು. ಫೀಡಿನಲ್ಲಿ ಎರಡೂ ಅಳತೆಗೆ ಇವೆ. ಮೇಲೆ ಸುಣ್ಣ ಸುರಿದ್ರೆ ರಂಜಕ ಮೈಗೆ ಹತ್ತಲ್ಲ" ಎಂದ ಡಾಕ್ಟರಮ್ಮ, ಭಾವನ ಮುಖ ನೋಡಿ ಮೆತ್ತಗಾದರು. "ಪ್ರೀತಿ ಸ್ವಲ್ಪ ಜಾಸ್ತಿಯಾಯ್ತು, ಅಷ್ಟೇ."

ಪುಡಿ ನಿಂತಿತು. ಅವರು ಬರೆದುಕೊಟ್ಟ ಔಷಧಿ ನೀರಿಗೆ ಬಿತ್ತು. ಅರವತ್ತು ಮರಿ ಏಳಲೇ ಇಲ್ಲ. ಭಾವ ಪ್ರತಿಯೊಂದನ್ನೂ ಎತ್ತಿ ಎತ್ತಿ ನೀರು ಕುಡಿಸಿ ನೋಡಿದರು. ಉಳಿದವು ಒಂದೊಂದೇ ಎದ್ದವು. ಔಷಧಿ ಶುರುವಾದ ಎರಡನೇ ವಾರ ಸೂಪರ್‌ವೈಸರ್ ಒಳಗೆ ಕಾಲಿಟ್ಟದ್ದೇ ಹಿಂಡು ಅವನ ಮುಂದೆ ಧಡಧಡ ಓಡಿತು. "ಮುಂದಿನ ಮರಿ ಕಳಿಸ್ತೀವಿ ಬಿಡಿ" ಎಂದ, ಮೂಗಿನಿಂದಲೇ. ಆ ಮೂಗಿನ ಮೇಲೆ ನನಗೆ ಪ್ರೀತಿ ಹುಟ್ಟಿತು.

ಆಮೇಲೆ ಡ್ರಿಂಕರ್ ತೊಳೆಯುತ್ತಾ, "ಅವತ್ತು ಆ ಮಾತು ಹೇಳಬಾರದಿತ್ತು, ಭಾವ" ಎಂದೆ.

"ನಾನು ನಡೆದು ಬಂದ್ರೆ ಎಲ್ಲರೂ ಎತ್ತಲೋ ನೋಡ್ತಾರೆ ಕಣಯ್ಯ, ನನಗೆ ಬೇಜಾರಾಗುತ್ತೆ ಅಂತ. ನೀನೊಬ್ಬನೇ ನೆಟ್ಟಗೆ ನೋಡಿದ್ದು. ಇಲ್ಲದಿದ್ರೆ ಆ ಹಿಡಿ ಯಾರ ಕಣ್ಣಿಗೆ ಬೀಳ್ತಿತ್ತು?"

ಏನಾದರೂ ಹೇಳಲೇಬೇಕಿತ್ತು. ಊರೆಲ್ಲರ ದನಿ ಬರುವ ಗಂಟಲಿಗೆ ನನ್ನದೇ ದನಿ ಬರಲು ಹೊತ್ತು ಹಿಡಿಯಿತು. "ನೀವಿಲ್ಲದಿದ್ರೆ ನಾನು ಎಲ್ಲಿರ್ತಿದ್ದೆನೋ, ಭಾವ."

ಭಾವ ಡ್ರಿಂಕರ್ ಕೆಳಗಿಟ್ಟು ಕಿವಿಗೊಟ್ಟರು. "ಇದು ಯಾರ ದನಿಯಯ್ಯ? ಇದುವರೆಗೆ ಕೇಳಿದ ಹಾಗಿಲ್ಲ."