ತೂಬಿನ ಬಳಿ ಮನೆಯವರೊಬ್ಬರು

ನಾಯಕತ್ವ ಕಲಿಸುವವರು ಮೊದಲು ಮಾಡುವ ಕೆಲಸವೆಂದರೆ ಮೊಬೈಲು ಬಂದ್ ಮಾಡಿಸುವುದು. ಜಮಖಂಡಿಯ ಆ ಸಭಾಭವನದಲ್ಲಿ ಮೂವತ್ತು ಹಳ್ಳಿಗಳ ಮುಖಂಡರು ಬೆಳಿಗ್ಗೆ ಹತ್ತಕ್ಕೇ ಮೊಬೈಲುಗಳನ್ನು ಬುಟ್ಟಿಗೆ ಹಾಕಿ, ಶಾಲೆ ಮಕ್ಕಳ ಹಾಗೆ ಕೈಕಟ್ಟಿ ಕುಳಿತರು. ಊರಲ್ಲಿ ಯಾರ ಮಾತನ್ನೂ ಕೇಳದ ಜನ ಇವರು.

ಅವರಲ್ಲಿ ತಂಗೆವ್ವನೂ ಒಬ್ಬಳು. ಸಾವಳಗಿ ಕಡೆಯ ಅವಳ ಊರಿಗೆ ಕಾಲುವೆ ನೀರು ಬಂದು ಮೂರು ವರ್ಷ, ನೀರು ಬಳಕೆದಾರರ ಸಂಘಕ್ಕೆ ಅವಳು ಅಧ್ಯಕ್ಷೆಯಾಗಿ ಒಂದು ವರ್ಷ. ಹದಿನೈದು ದಿನಕ್ಕೊಮ್ಮೆ ಒಂದೊಂದು ಹೊಲಕ್ಕೆ ನಾಲ್ಕು ತಾಸು ನೀರಿನ ಪಾಳಿ. ಆ ಪಾಳಿಗಾಗಿ ಗಂಡಸರು ಸಲಿಕೆ ಎತ್ತಿ ಹೊಡೆದಾಡುವುದನ್ನು ಕಂಡು ರೋಸಿಹೋಗಿ, ಅವಳೇ ಹಟ ಹಿಡಿದು ಒಂದು ನಿಯಮ ಮಾಡಿಸಿದ್ದಳು. ಪಾಳಿ ಬಂದ ಹೊತ್ತಿಗೆ ಮನೆಯವರೊಬ್ಬರು ತೂಬಿನ ಬಳಿ ನಿಂತಿರಬೇಕು. ಇಲ್ಲದಿದ್ದರೆ ಆ ನೀರು ಮುಂದಿನ ಹೊಲದವರದು. ಅಂದಿನಿಂದ ಜಗಳ ನಿಂತಿತ್ತು.

“ನೀವು ತಗೊಂಡ ಒಂದು ಕಠಿಣ ನಿರ್ಧಾರ ಹೇಳಿ” ಎಂದು ಧಾರವಾಡದಿಂದ ಬಂದಿದ್ದ ಮೇಡಂ ಕೇಳಿದಾಗ ತಂಗೆವ್ವ ಎದ್ದು ಇದನ್ನೇ ಹೇಳಿದಳು. ಬೋರವ್ವನ ಸಂಗತಿಯನ್ನೂ ಬಿಡಲಿಲ್ಲ. ಬೋರವ್ವ ಪಕ್ಕದ ಹೊಲದ ಒಂಟಿ ಮುದುಕಿ. ಕಳೆದ ತಿಂಗಳು ಕಣ್ಣು ತೋರಿಸಲು ಹೋದವಳು ಕಾಲು ತಾಸು ತಡವಾಗಿ ಬಂದಳು. ಅಷ್ಟರಲ್ಲಿ ನೀರು ತಿರುಗಿತ್ತು. ಕಾಳುಕಟ್ಟುವ ಹೊತ್ತಿನಲ್ಲಿದ್ದ ಅವಳ ಗೋವಿನಜೋಳ ಅರ್ಧಕ್ಕರ್ಧ ಒಣಗಿತು.

“ನನಗೂ ಕರಳ ಚುರ್ ಅಂತ್ರಿ. ಆದ್ರ ಒಬ್ರಿಗೆ ಬಿಟ್ರ ಎಲ್ಲಾರಿಗೂ ಬಿಡಬೇಕಾಕ್ಕೈತಿ” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಅವಳ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ತಂಗೆವ್ವ ಹಿಗ್ಗಿ ಹೀರೇಕಾಯಿಯಾಗಿ ಕುಳಿತಳು.

ಊಟಕ್ಕೆ ಬಿಟ್ಟಾಗ ಮೊಬೈಲು ಹಚ್ಚಿದರೆ ನೀರು ಬಿಡುವ ಬಸವಕುಮಾರನಿಂದ ಏಳು ಕರೆ.

“ಅಕ್ಕಾರ, ಈಗಿನ ಪಾಳಿ ಸಂಜಯಣ್ಣಂದು, ಅಂವಾ ಕಬ್ಬು ಕಡದಾನ, ನೀರು ಬ್ಯಾಡ ಅಂದಾನ. ಸಂಜೀಕ ಇದ್ದ ನಿಮ್ಮ ಪಾಳಿ ಎರಡಕ್ಕ ಬಂದೈತಿ. ಮನ್ಯಾಗ ಯಾರರ ಅದಾರೇನ್ರಿ?”

ಯಾರಿದ್ದಾರೆ? ಗಂಡ ಅಮಸಿದ್ದಪ್ಪ ಕುರಿ ಹೊಡೆದುಕೊಂಡು ಬೀಳಗಿ ಕಡೆ ಹೋಗಿ ತಿಂಗಳಾಗಿತ್ತು. ಮನೆಗೆ ಬೀಗ. ಅವಳ ಎರಡೆಕರೆ ಗೋವಿನಜೋಳವೂ ಈಗ ಕಾಳುಕಟ್ಟುತ್ತಿತ್ತು. ಈ ನೀರು ತಪ್ಪಿದರೆ ವರ್ಷದ ದುಡಿಮೆ ದನಕ್ಕೆ ಮೇವು, ಅಷ್ಟೆ. ಗಡಿಯಾರ ಒಂದು ತೋರಿಸುತ್ತಿತ್ತು. ಅವಳು ಗೋಡೆಯ ಕಡೆ ತಿರುಗಿ ದನಿ ತಗ್ಗಿಸಿದಳು.

“ತಮ್ಮಾ, ನಾ ಬರೂತನಕ ನಮ್ಮ ಹೊಲಕ್ಕ ಬಿಟ್ಟಿರು. ಯಾರ ಮುಂದೂ ಹೇಳಬ್ಯಾಡ.”

ಹೇಳಿ ಮುಗಿಸುವಷ್ಟರಲ್ಲೇ ಅವಳಿಗೆ ನಾಚಿಕೆಯಾಯಿತು. ಒಳಗೆ ಬೋರ್ಡಿನ ಮೇಲೆ ಅವಳ ಹೆಸರು ಇನ್ನೂ ಹಾಗೇ ಇತ್ತು.

“ಹೆಂಗ ಬಿಡ್ಲಿರಿ? ನಿಮ್ಮ ಮುಂದಿನ ಪಾಳಿ ಬೋರವ್ವಂದು. ಆಗ್ಲೇ ಸಲಿಕಿ ಹಿಡಕೊಂಡು ತೂಬಿನ ಮ್ಯಾಲ ಕುಂತಾಳ.”

ತಂಗೆವ್ವ ತಟ್ಟೆಯನ್ನು ಹಾಗೇ ಬಿಟ್ಟು ಬಸ್‌ ನಿಲ್ದಾಣಕ್ಕೆ ಓಡಿದಳು. ಬಸ್ಸು ಸಿಕ್ಕಿತು, ಆದರೆ ಅದರ ಮುಂದೆ ಕಬ್ಬಿನ ಟ್ರ್ಯಾಕ್ಟರು. ಡ್ರೈವರು ಹಾರ್ನ್ ಹೊಡೆದದ್ದೇ ಬಂತು. ಅವಳು ಕೂತಳು, ಎದ್ದಳು, ಕಿಟಕಿಯಿಂದ ಬಗ್ಗಿ ನೋಡಿ ಮತ್ತೆ ಕೂತಳು. ಸಲಿಕೆ ಹಿಡಿದು ಕೂತಿದ್ದಾಳಂತೆ ಮುದುಕಿ! ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಸಿಗುತ್ತದೆಯೇ? ಬೋರವ್ವನ ಮೇಲೆ ಸಿಟ್ಟು ಬಂತು. ಸಿಟ್ಟು ಮಾಡಲು ತನಗೇನು ಹಕ್ಕಿದೆ ಎಂದೂ ಅನ್ನಿಸಿತು. ಬಸ್ಸಿನಲ್ಲಿರುವಾಗಲೇ ಗಡಿಯಾರ ಎರಡು ದಾಟಿತು.

ಅವಳು ಏದುಸಿರು ಬಿಡುತ್ತ ಹೊಲ ಮುಟ್ಟಿದಾಗ ಮುಕ್ಕಾಲು ತಾಸು ತಡವಾಗಿತ್ತು. ನೀರು ಅವಳ ಹೊಲದಲ್ಲೇ ಹರಿಯುತ್ತಿತ್ತು. ಬೋರವ್ವ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒಡೆದ ಒಡ್ಡಿಗೆ ಮಣ್ಣು ಹಾಕುತ್ತಿದ್ದಳು.

“ಅತ್ತಿ, ಇದು ನಿನ್ನ ನೀರಲ್ಲೇನ?”

“ಎರಡಕ್ಕ ಬಸವಕುಮಾರ ಕೇಳಿದ, ತಂಗೆವ್ವನ ಮನಿಯವ್ರು ಯಾರದಾರ ಅಂತ. ನಾ ಅದೀನಿ ಅಂದೆ.”

ತಂಗೆವ್ವನ ಕಣ್ಣು ತುಂಬಿ ಬಂತು. “ತಪ್ಪಾತು ಅತ್ತಿ” ಎಂದಳು.

ಬೋರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಆವತ್ತ ನೀನೂ ಇಲ್ಲೇ ನಿಂತಿದ್ದೆಲ್ಲವಾ, ಹೊತ್ತು ನೋಡ್ಕೋಂತ. ಬೋರವ್ವನ ಮನಿಯಾಕಿ ನಾ ಅದೀನಿ ಅಂತ ಒಂದ ಮಾತು ನಿನ್ನ ಬಾಯಾಗ ಬರಲಿಲ್ಲ.”

ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಂಗೆವ್ವ ಹೇಗೋ ತಡೆದುಕೊಳ್ಳುತ್ತಿದ್ದಳು. ಅವಳು ಚಪ್ಪಲಿ ಬಿಟ್ಟು ಕೆಸರಿಗಿಳಿದು ಸಲಿಕೆಗೆ ಕೈ ಚಾಚಿದಳು.

ಬೋರವ್ವ ಕೊಡಲಿಲ್ಲ. “ಛಲೋ ಸೀರಿ ಉಟ್ಟೀದಿ, ಒಡ್ಡಿನ ದಂಡಿಗೆ ನಿಂದ್ರು” ಎಂದು ನೀರನ್ನು ಮುಂದಿನ ಸಾಲಿಗೆ ತಿರುಗಿಸಿದಳು.