ಹನ್ನೊಂದು ಕಾಳು

"ಉಪ್ಪು ಹಚ್ಚಿ ತೂಗುಹಾಕಿದ ಹಂದಿ ತೊಡೆ ಇದ್ದಂಗಿದೆಯಲ್ಲೇ ನಿನ್ನ ಕೈ. ಒಂದಾದ್ರೂ ನರ ಉಳಿಸ್ಕೊಂಡಿದೀಯಾ, ಇಲ್ಲ ಎಲ್ಲಾನೂ ಪುಡಿಗೇ ಕೊಟ್ಯಾ?" ಎಂದಳು ನರ್ಸ್ ದುವಾನ್.

ಚುನ್ಲಾನ್ ಆರು ತಿಂಗಳ ಹೊಟ್ಟೆಯನ್ನು ಮೇಜಿನ ಅಂಚಿಗೆ ಆನಿಸಿ, ಎಡಗೈ ಚಾಚಿಕೊಂಡು ಕೂತಿದ್ದಳು. ಸೂಜಿ ಒಳಗೆ ಹೋಯಿತು, ಚರ್ಮದಡಿ ಅತ್ತಿತ್ತ ತಡಕಾಡಿತು, ಬರಿದಾಗಿ ಹೊರಗೆ ಬಂತು.

ಪಕ್ಕದಲ್ಲಿ ನಿಂತಿದ್ದ ಚೀ ಅತ್ತೆ ನನ್ನ ಬಟ್ಟಲಿನಿಂದ ಮತ್ತೊಂದು ಮೆಕ್ಕೆಜೋಳದ ಕಾಳು ತೆಗೆದು, ನರ್ಸಿನ ತಟ್ಟೆಯ ಪಕ್ಕದ ನಾಲ್ಕರ ಜೊತೆ ಟಕ್ ಎಂದು ಇಟ್ಟಳು. "ಐದು."

"ಏನೇ ಅದು?"

"ಲೆಕ್ಕ ಕಣವ್ವ. ನಮ್ ಯೂಜೆನ್ ಒಲೆ ತಾವ ಕುಂತು ತೋಫು ತಿಂದೋರಿಗೆ, ತುಂಡಿಗೊಂದು ಕಾಳು ಮಡಗ್ತಾಳೆ. ನೀನೂ ಚುಚ್ಚಿ ಚುಚ್ಚಿ ಇವಳ ಕೈ ತಿಂತಾ ಇದೀಯಲ್ಲ, ಅದಕ್ಕೆ."

ರಕ್ತ ಕೊಟ್ಟು ಸುತ್ತ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ದುವಾನ್ ಮುಖ ಕೆಂಪಾಯಿತು. ಆರನೆಯ ಸೂಜಿಯನ್ನು ಬೇಕೆಂದೇ ಜೋರಾಗಿ ಚುಚ್ಚಿದಳು.

ಯೂಜೆನ್ ಅಂದರೆ ನಾನೇ. ತವರದ ಗಣಿ ಮುಚ್ಚಿದ ಮೇಲೆ ಖಾಲಿ ಬಿದ್ದ ಈ ಕೂಲಿ ಲೈನುಗಳಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಬೆಳಿಗ್ಗೆ ಎದ್ದು ಚಟ ಬಿಡಿಸಲು ಸರ್ಕಾರ ಕೊಡುವ ಕಹಿ ಮದ್ದು ಒಂದು ಲೋಟ ಕುಡಿದು ಬಂದು, ಕೆಂಡದ ಮೇಲೆ ತೋಫು ಸುಡುತ್ತೇನೆ. ನಾಲ್ಕು ವರ್ಷವಾಯಿತು, ಹೆರಾಯಿನ್ ಪುಡಿ ಮುಟ್ಟಿಲ್ಲ. ಅದಕ್ಕೇ ರೋಗ ತಡೆಯುವ ಕೇಂದ್ರದವರು ನನ್ನನ್ನು ಹಿಡಿದುಕೊಂಡಿದ್ದರು. ಲೈನಿನ ಹೆಂಗಸರನ್ನು ರಕ್ತ ಪರೀಕ್ಷೆಗೆ ಕರೆತರುವುದು ನನ್ನ ಕೆಲಸ. ನಾನು ಕರೆದರೆ ಬರುತ್ತಾರೆ. ನಾನು ಅವರಲ್ಲೊಬ್ಬಳು.

ಚುನ್ಲಾನ್ ಮಾತ್ರ ಸುಲಭಕ್ಕೆ ಬಂದವಳಲ್ಲ. ಅವಳ ಮೊದಲ ಮಗು ಒಂಬತ್ತು ತಿಂಗಳಿಗೆ ಸತ್ತಿತು. ಬಾಯಿ ತುಂಬ ಬಿಳಿ ಹುಣ್ಣು, ಹಾಲು ಗುಟುಕಿಸಲಾಗದೆ ಸತ್ತಿತು. ಇದು ಏಡ್ಸೇ ಇರಬಹುದು, ಹೊಟ್ಟೆಯಲ್ಲಿದ್ದಾಗಲೇ ತಾಯಿ ಪರೀಕ್ಷೆ ಮಾಡಿಸಿಕೊಂಡು ಮಾತ್ರೆ ನುಂಗಿದ್ದರೆ ಮಗುವಿಗೆ ಬರುತ್ತಿರಲಿಲ್ಲವೇನೋ ಅಂತ ಆಮೇಲೆ ಯಾರೋ ಡಾಕ್ಟರು ರಕ್ತ ನೋಡದೆಯೇ ಅಂದರಂತೆ, ಬಾಗಿಲ ಹತ್ತಿರ ನಿಂತು, ಕೈಗೆ ಸೋಪು ಹಚ್ಚಿಕೊಳ್ಳುತ್ತ. ಈ ಸಲ ಮೂರು ತಿಂಗಳಿಗೇ ದೊಡ್ಡಾಸ್ಪತ್ರೆಗೆ ಹೋಗಿದ್ದಳು. ಕಿಟಕಿಯಲ್ಲಿ ಗುರುತಿನ ಚೀಟಿ ಕೇಳಿದರು, ಯಂತ್ರದ ಮೇಲಿಟ್ಟರು, ಕೆಂಪು ದೀಪ ಹತ್ತಿತು. ಒಮ್ಮೆ ಪುಡಿ ಕೇಸಿನಲ್ಲಿ ಸಿಕ್ಕವರ ಚೀಟಿ ಎಲ್ಲಿಟ್ಟರೂ ಪೊಲೀಸರಿಗೆ ಸುದ್ದಿ ಹೋಗುತ್ತದೆ. ಇವಳು ಹಿಂದಿನ ಗೋಡೆ ಹಾರಿ ಓಡಿ ಬಂದಿದ್ದಳು. ಬಸುರಿ ಹೆಂಗಸು.

ಕೇಂದ್ರದ ನಿರ್ದೇಶಕ ಕುವಾಂಗ್ ಹತ್ತಿರ ನಾನೇ ಹೋಗಿ ಕೇಳಿದೆ. "ಚೀಟಿ ಬೇಡ, ಪೊಲೀಸರು ಬೇಡ, ನಿಮ್ಮ ಲೈನಿಗೇ ಬರ್ತೀವಿ. ರಕ್ತ ಕೊಟ್ಟೋರಿಗೆ ಬಟ್ಟೆ ಒಗೆಯೋ ಪುಡಿ ಪೊಟ್ಟಣ ಒಂದು. ಪ್ರಾಂತ್ಯದ ಅಧಿಕಾರಿಗಳು ನೋಡೋಕೆ ಬರ್ತಿದಾರೆ, ಮೂವತ್ತು ಜನ ಬೇಕು ಅಷ್ಟೆ" ಎಂದ. ನನ್ನ ಕೈ ಕುಲುಕಿದ. ಆಮೇಲೆ ಕೈ ಒರೆಸಿಕೊಂಡ. ಅದನ್ನು ನಾನು ಯಾರಿಗೂ ಹೇಳಲಿಲ್ಲ.

"ಏಳು," ಎಂದಳು ಚೀ ಅತ್ತೆ. "ಎಂಟು." ಅವಳಿಗೆ ಅರುವತ್ತರ ಹತ್ತಿರ ವಯಸ್ಸು, ಬಾಯಲ್ಲಿ ಮೂರೇ ಹಲ್ಲು. "ಅಲ್ಲ ಕಣ್ರೇ, ಬಿಳಿ ಪುಡಿ ಬಿಡಿ ಬಿಡಿ ಅಂತ ಹೇಳಿ, ಕೈಗೆ ಬಿಳಿ ಪುಡೀನೇ ಕೊಡ್ತಾವ್ರಲ್ಲ. ಇದನ್ನ ಎಳುದ್ರೆ ನೊರೆ ಬತ್ತದಾ?"

"ಬೆರಳಿಗೆ ಚುಚ್ಚಿ ನೋಡೋ ಪಟ್ಟಿ ಅದೆಯಲ್ಲ ಅಲ್ಲಿ," ಚುನ್ಲಾನ್ ಮೊದಲ ಸಲ ಬಾಯಿ ಬಿಟ್ಟಳು. ಮೇಜಿನ ಮೇಲೆ ಆ ಪಟ್ಟಿಯ ಪೊಟ್ಟಣಗಳು ಸಾಲಾಗಿದ್ದವು. "ಒಂದು ತೊಟ್ಟು ಸಾಕಂತೆ. ಕಾಲು ಗಂಟೇಲಿ ಗೊತ್ತಾಯ್ತದಂತೆ."

"ಅದು ಬಂದಿರೋ ಅಧಿಕಾರಿಗಳಿಗೆ ತೋರ್ಸೋಕೆ. ನಿನ್ನಂಥೋರಿಗಲ್ಲ. ಕೊಳವೆ ತುಂಬ ರಕ್ತ ಬೇಕು. ಆ ಕೈ ಕೊಡು."

ಬಲಗೈಯಲ್ಲಿ ಮೂರು ಸಲ. ಮೊಣಕೈ ಒಳಗೆ, ಮಣಿಕಟ್ಟಿನ ಹತ್ತಿರ, ಹಸ್ತದ ಹಿಂಭಾಗದಲ್ಲಿ. ಚುಚ್ಚಿದಲ್ಲೆಲ್ಲ ನೀಲಿಗಟ್ಟಿತು. ಹನ್ನೊಂದನೆಯ ಕಾಳು ಕೂತಿತು.

ಚುನ್ಲಾನ್ ಕೈ ಹಿಂದಕ್ಕೆ ಎಳೆದುಕೊಂಡಳು. "ತೊಡೆ ಸಂದೀಲಿ ಒಂದು ನರ ಅದೆ. ನಾನೇ ತೆಗೀತಿದ್ದೆ, ಹೊಟ್ಟೆ ಅಡ್ಡ ಬತ್ತದೆ, ಕಾಣಾಕಿಲ್ಲ. ಯೂಜೆನಕ್ಕ ತೆಗೀಲಿ."

"ಸೂಜಿ ನಿಮ್ಮ ಕೈಗೆ ಕೊಡಬೇಕಾ? ಸರಿಹೋಯ್ತು."

ಕುವಾಂಗ್ ಆಚೆಯಿಂದ ಬಂದ. ಅಂಗಳದ ಬಾಯಲ್ಲಿ ಅಧಿಕಾರಿಗಳು ಬಟ್ಟೆಯ ಫಲಕದ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. "ಎಷ್ಟಾಯ್ತು?"

"ಇಪ್ಪತ್ತೊಂಬತ್ತು, ಸಾರ್."

"ಹಾಗಾದ್ರೆ ಅವಳಿಗೇ ಕೊಡಿ. ಹತ್ತು ವರ್ಷ ಅದೇ ಕಸುಬು ಮಾಡಿದಾಳೆ, ನಿಮಗಿಂತ ಚೆನ್ನಾಗಿ ಬರುತ್ತೆ. ಬೇಗ ಮುಗಿಸಿ."

ಹೌದು. ಒಂದು ಕಾಲಕ್ಕೆ ಈ ಲೈನಿನಲ್ಲಿ ಯಾರಿಗೆ ನರ ಸಿಗದಿದ್ದರೂ ನನ್ನ ಬಾಗಿಲು ಬಡಿಯುತ್ತಿದ್ದರು. ನಾಲ್ಕು ವರ್ಷದ ಮೇಲೆ ಸೂಜಿ ಕೈಗೆ ಬಂದ ತಕ್ಷಣ ನನ್ನ ಬಾಯಲ್ಲಿ ನೀರೂರಿತು. ಮೈಯ ಒಂದೊಂದು ಕೂದಲೂ ಎದ್ದು ನಿಂತಿತು. ಅದನ್ನು ಕುವಾಂಗ್ ನೋಡಿದ, ನಕ್ಕ.

ಹೆಂಗಸರು ಕೋಟು ಬಿಚ್ಚಿ ಸುತ್ತಲೂ ಹಿಡಿದು ಮರೆ ಮಾಡಿದರು. ಚುನ್ಲಾನ್ ಲಾಡಿ ಸಡಿಲಿಸಿದಳು. ಒಂದೇ ಸಲಕ್ಕೆ ಸಿಕ್ಕಿತು. ಕಪ್ಪನೆಯ ರಕ್ತ ಕೊಳವೆಗೆ ಬಂದು ಬಿತ್ತು. ಕೊಳವೆ ಮೇಜಿನ ಮೇಲಿಡುವಾಗ ನನ್ನ ಇನ್ನೊಂದು ಕೈ ಒಂದು ಪಟ್ಟಿಯ ಪೊಟ್ಟಣವನ್ನು ಅಂಗಿಯ ತೋಳಿನೊಳಕ್ಕೆ ಸೇರಿಸಿಕೊಂಡಿತು. ಯಾಕೆ ಅಂತ ಆಗ ನನಗೂ ಗೊತ್ತಿರಲಿಲ್ಲ. ಹಳೇ ಕಳ್ಳ ಕೈ.

"ಮೂವತ್ತು," ಎಂದು ದುವಾನ್ ಕೊಳವೆಗೆ ನಂಬರ್ ಅಂಟಿಸಿದಳು.

ಚುನ್ಲಾನ್ ಏಳಲಿಲ್ಲ. "ರೋಗ ಅದೆಯಾ ಇಲ್ವಾ ಅಂತ ಯಾವತ್ತು ಹೇಳ್ತೀರಾ?"

"ಗುರುತಿನ ಚೀಟಿ ತಗೊಂಡು ಕೇಂದ್ರಕ್ಕೆ ಬಾ," ಎಂದ ಕುವಾಂಗ್.

"ಚೀಟಿ ಬ್ಯಾಡ ಅಂದಿದ್ರಿ," ನಾನು ಬಾಯಿ ಹಾಕಿದೆ.

"ರಕ್ತ ತಗೊಳ್ಳೋಕೆ ಬೇಡ. ಫಲಿತಾಂಶ ಹೇಳೋಕೆ, ಮಾತ್ರೆ ಕೊಡೋಕೆ ಬೇಕು. ನಂಬರ್ ಮೂವತ್ತು ಅಂತ ಕೂಗಿದ್ರೆ ಯಾವ ನಾಯಿ ಬೇಕಾದ್ರೂ ಬಂದು ತಗೊಂಡು ಹೋಗುತ್ತಲ್ಲ."

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಗದ್ದಲ ಕೇಳಿತು. ಬಟ್ಟೆ ಪುಡಿ ಪೊಟ್ಟಣ ಹಿಡಿದು ಮೊದಲು ಹೊರಟಿದ್ದ ಹೆಂಗಸರು ಕೆಳಗೆ ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಮುಂದೆ ನಾಲ್ಕು ಜನ ಪೊಲೀಸರು, ಪ್ಲಾಸ್ಟಿಕ್ ಲೋಟಗಳ ಕಟ್ಟು. ಒಬ್ಬೊಬ್ಬರಿಗೂ ಒಂದೊಂದು ಲೋಟ. ಉಚ್ಚೆಯಲ್ಲಿ ಪುಡಿ ಕಂಡರೆ ಎರಡು ವರ್ಷ ಚಟ ಬಿಡಿಸುವ ಶಿಬಿರ, ಕಲ್ಲು ಒಡೆಯುವುದು.

"ನಿಮ್ಮವ್ವನ್," ಚೀ ಅತ್ತೆ ನನ್ನ ಕಡೆ ತಿರುಗಿದಳು. ನಗೆ ಎಲ್ಲಿ ಹೋಯಿತೋ. "ರಕ್ತ ಇವರಿಗೆ, ಉಚ್ಚೆ ಅವರಿಗೆ. ಎಂಜಲೊಂದು ಉಳ್ಕಂಡದೆ, ನಿಂಗೇ ಉಗೀಲೇನಮ್ಮಿ ಯೂಜೆನ್?"

ನಾನು ಮುಖ ಕೊಟ್ಟು ನಿಂತೆ. ಅವಳು ಉಗಿಯಲಿಲ್ಲ. ನಾನೇ ನಡೀತೀನಿ ಬಿಡ್ರೋ ಅನ್ನುತ್ತ, ತನ್ನ ಬಟ್ಟೆ ಪುಡಿ ಪೊಟ್ಟಣವನ್ನು ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲಿಳಿದಳು.

"ಅವರ ಕೆಲಸ ಅವರದ್ದು, ನಮ್ಮ ಕೆಲಸ ನಮ್ಮದು," ಎಂದ ಕುವಾಂಗ್, ನನ್ನ ಕಡೆ ನೋಡದೆ.

ಒಬ್ಬ ಪೊಲೀಸ್ ಹೆಂಗಸು ಲೋಟ ಹಿಡಿದು ಮೇಲೆ ಬಂದಳು. ಚುನ್ಲಾನಳ ಹೊಟ್ಟೆ ನೋಡಿದಳು. "ಹೆದರ್ಕೋಬೇಡ. ಬಸುರಿಯನ್ನ ಒಯ್ಯೋ ಹಾಗಿಲ್ಲ. ಮಗೂಗೆ ಮೊಲೆ ಕೊಡ್ತಿದ್ರೆ ಇನ್ನೊಂದು ವರ್ಷ ಮುಟ್ಟೋ ಹಾಗಿಲ್ಲ, ಕಾನೂನು. ಸುಮ್ನೆ ಲೋಟ ತುಂಬ್ಸಿ ಕೊಡು."

"ರೋಗ ಇದ್ರೆ?"

"ರೋಗ ಇದ್ರೆ ಡಾಕ್ಟ್ರು ಮೊಲೆ ಕುಡಿಸ್ಬೇಡ ಅಂತಾರೆ. ಮೊಲೆ ಕುಡಿಸ್ದೇ ಇರೋಳಿಗೆ ಯಾವ ಕಾನೂನು?" ಅವಳೇನೂ ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಬಸ್ಸಿನ ಹೊತ್ತು ಹೇಳುವಂತೆ ಹೇಳಿದಳು. "ಅದಕ್ಕೇ ಹೇಳ್ತೀನಿ, ತಿಳ್ಕೊಂಡು ಏನು ಮಾಡ್ತೀಯ? ಹೆರು, ಮೊಲೆ ಕೊಡು, ಆರಾಮಾಗಿರು."

ಚುನ್ಲಾನ್ ತಟ್ಟೆಯ ಪಕ್ಕದ ಹನ್ನೊಂದು ಕಾಳನ್ನೂ ಬಳಿದು ಮುಷ್ಟಿಯಲ್ಲಿ ಹಿಡಿದು ಎದ್ದಳು. "ಒಬ್ಬಳೇ ಕುಕ್ಕರಿಸಾಕೆ ಆಗಾಕಿಲ್ಲ. ಯೂಜೆನಕ್ಕ ಬರ್ಲಿ."

ಲೈನಿನ ಕಕ್ಕಸಿನ ನಾತಕ್ಕೆ ಪೊಲೀಸ್ ಹೆಂಗಸು ಮೂಗಿಗೆ ಕರವಸ್ತ್ರ ಹಿಡಿದು ಹೊರಗೇ ನಿಂತಳು. ತಗಡಿನ ಬಾಗಿಲು ಎಳೆದುಕೊಂಡ ಮೇಲೆ ನಾನು ತೋಳಿನಿಂದ ಪಟ್ಟಿಯ ಪೊಟ್ಟಣ ತೆಗೆದೆ. ಚುನ್ಲಾನ್ ನೋಡಿದಳು. ದುವಾನ್ ಚುಚ್ಚಿದ ಒಂದು ತೂತು ಇನ್ನೂ ಜಿನುಗುತ್ತಿತ್ತು, ಅದನ್ನೇ ಹಿಂಡಿ ಒಂದು ತೊಟ್ಟು ಬಿಟ್ಟಳು. ಪೊಟ್ಟಣದಲ್ಲಿದ್ದ ಸಣ್ಣ ಸೀಸೆಯ ನೀರು ಹಾಕಿದೆ.

"ಒಂದು ಗೆರೆ ಬಂದ್ರೆ ಇಲ್ಲ. ಎರಡು ಬಂದ್ರೆ ಅದೆ," ಎಂದೆ.

ಗಡಿಯಾರ ಇರಲಿಲ್ಲ. ತೋಫು ಒಂದು ಮಗ್ಗುಲು ಕೆಂಪಗಾಗಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ಹೆಚ್ಚುಕಡಿಮೆ ಒಂದು ನಿಮಿಷ. ಮಗ್ಗುಲು ಮಗುಚುವ ಹೊತ್ತಿಗೊಮ್ಮೆ "ಹ್ಞೂಂ" ಅನ್ನುತ್ತಿದ್ದೆ. ಅವಳು ಒಂದು ಕಾಳು ಎಡಗೈಯಿಂದ ಬಲಗೈಗೆ ದಾಟಿಸುತ್ತಿದ್ದಳು.

"ಏನು ಹೆರ್ತಾ ಇದೀರೇನೇ ಒಳಗೆ?"

"ಬತ್ತಾ ಇಲ್ಲ ಕಣವ್ವ," ಚುನ್ಲಾನ್ ಕೂಗಿ ಹೇಳಿದಳು. "ಕೂಸು ಅದುಮ್ಕಂಡು ಕುಂತದೆ."

ಮೂರನೆಯ ಕಾಳಿಗೆ ಮೊದಲ ಗೆರೆ ಬಂತು. ಏಳಕ್ಕೆ ಅದರ ಪಕ್ಕ ಒಂದು ನೆರಳು. ಕಣ್ಣಿಗೇ ಹಾಗೆ ಕಾಣುತ್ತಿದೆ ಅಂದುಕೊಂಡೆ. ಹತ್ತಕ್ಕೆ ಅಂದುಕೊಳ್ಳಲು ಏನೂ ಉಳಿಯಲಿಲ್ಲ. ಹನ್ನೊಂದನೆಯ ಕಾಳು ದಾಟಿದಾಗ ಎರಡು ಗೆರೆಗಳೂ ಕುಂಕುಮದಷ್ಟು ಕೆಂಪಗಿದ್ದವು.

"ಇದನ್ನ ಗುಂಡಿಗೆ ಹಾಕ್ಬಿಡನ," ನಾನೇ ಅಂದೆ. ನಾನೇ. "ಯಾರಿಗೂ ಗೊತ್ತಿಲ್ಲ. ಹೆತ್ತು ಮೊಲೆ ಕೊಡು. ಒಂದು ವರ್ಷ ನಿನ್ ತಾವೇ ಇರ್ತದೆ."

"ಹೋದ ಸಲಾನೂ ನನ್ ತಾವೇ ಇತ್ತು ಕಣಕ್ಕ," ಎಂದಳು ಚುನ್ಲಾನ್. "ಒಂಬತ್ತು ತಿಂಗಳು."

ಆಮೇಲೆ ಕುಕ್ಕರಿಸಿ ಲೋಟ ತುಂಬಿಸಿದಳು. ಬಾಗಿಲು ನೂಕಿ, ತುಳುಕುವ ಲೋಟವನ್ನು ಪೊಲೀಸ್ ಹೆಂಗಸಿನ ಎರಡೂ ಕೈಗೆ ಕೊಟ್ಟು, ನೆಟ್ಟಗೆ ಮೇಜಿನ ಕಡೆ ನಡೆದಳು. ಅಧಿಕಾರಿಗಳು ಅಲ್ಲೇ ಇದ್ದರು. ಕುವಾಂಗ್ ಅವರಿಗೆ ಮೂವತ್ತು ಕೊಳವೆಗಳನ್ನು ತೋರಿಸುತ್ತಿದ್ದ. ಚುನ್ಲಾನ್ ಒಳಗಿನ ಜೇಬಿನಿಂದ ಗುರುತಿನ ಚೀಟಿ ತೆಗೆದು ಅವನ ಮುಂದಿಟ್ಟಳು.

"ಮೂವತ್ತನೇ ನಂಬರ್ ನಾನು. ರೋಗ ಅದೆ. ಬರ್ಕೊ. ಮಾತ್ರೆ ಯಾವತ್ತಿಂದ ಕೊಡ್ತೀಯ?"

ಕುವಾಂಗ್ ದನಿ ತಗ್ಗಿಸಿದ. "ಈಗ ಹೋಗು. ಆಮೇಲೆ ಬಾ."

"ಈಗ್ಲೇ ಬರ್ಕೊ."

"ರೋಗ ಅಂತ ಬರೆದು ಯಂತ್ರಕ್ಕೆ ಇಟ್ರೆ ಮೊಲೆ ಕುಡಿಸೋ ನೆಪವೂ ಇಲ್ಲ, ಹೆತ್ತ ವಾರಕ್ಕೆ ನಿನ್ನ ಒಯ್ತಾರೆ. ಕೂಸು ಅನಾಥಾಶ್ರಮಕ್ಕೆ. ತಲೆ ಸರಿ ಇದೆಯಾ?"

"ಬದುಕಿರ್ತದಲ್ಲ."

ಒಬ್ಬ ಅಧಿಕಾರಿ ಕತ್ತು ಚಾಚಿ ನೋಡುತ್ತಿದ್ದ. ಕುವಾಂಗ್ ಬೇರೆ ದಾರಿಯಿಲ್ಲದೆ ಮೇಜಿನಡಿಯ ಪೆಟ್ಟಿಗೆಯಿಂದ ಚೀಟಿ ಓದುವ ಯಂತ್ರ ತೆಗೆದು, ಚೀಟಿಯನ್ನು ಅದರ ಮೇಲಿಟ್ಟ. ಕೆಂಪು ದೀಪ ಹತ್ತಿತು, ಕೀರಲು ಸದ್ದು ಶುರುವಾಯಿತು. ಚುನ್ಲಾನ್ ಮುಷ್ಟಿ ಬಿಚ್ಚಿ ಕಾಳುಗಳನ್ನು ಅವನ ದಾಖಲೆ ಪುಸ್ತಕದ ಮೇಲೆ ಸುರಿದಳು.

"ಇವನ್ನೂ ಬರ್ಕೊ. ಹನ್ನೊಂದು."

"ಏನಿದು ಹೊಲಸು," ಎಂದು ಅವನು ಪುಸ್ತಕ ಒದರಿದ.

ಕಾಳು ಸಿಮೆಂಟಿನ ಮೇಲೆ ಚೆಲ್ಲಾಪಿಲ್ಲಿಯಾದವು. ಚುನ್ಲಾನ್ ಒಂದು ಕೈಯಲ್ಲಿ ಹೊಟ್ಟೆ ಹಿಡಿದು, ಇನ್ನೊಂದನ್ನು ಮೇಜಿಗೆ ಊರಿ, ನಿಧಾನಕ್ಕೆ ಮಂಡಿಯೂರಿದಳು. ಒಬ್ಬ ಅಧಿಕಾರಿಯ ಬೂಟಿನ ಪಕ್ಕದಿಂದ ಒಂದು ಕಾಳು ಆರಿಸಿ, ಕೈ ಮೇಲಕ್ಕೆ ಚಾಚಿ, ಪುಸ್ತಕದ ಮೇಲೆ ಟಕ್ ಎಂದು ಇಟ್ಟು, ಎರಡನೆಯದಕ್ಕೆ ಮತ್ತೆ ಬಗ್ಗಿದಳು.